ಓದುಗರ ಪ್ರಶ್ನೆ: ರೇಂಜ್‌ಫೈಂಡರ್ ಹಿಡಿದು ಮೈದಾನಕ್ಕೆ

ಹಳೆಯ ಫಿಲ್ಮ್ ರೇಂಜ್‌ಫೈಂಡರ್‌ಗಳಲ್ಲಿ (ಲೆನ್ಸ್ ಮೂಲಕವಲ್ಲದೆ ಪಕ್ಕದ ಕಿಂಡಿಯಲ್ಲಿ ನೋಡಿ, ಅಲ್ಲಿ ಕಾಣುವ ಎರಡು ಬಿಂಬಗಳನ್ನು ಒಂದಾಗಿ ಕೂಡಿಸಿ ಫೋಕಸ್ ಮಾಡುವ ಕ್ಯಾಮೆರಾಗಳಲ್ಲಿ) ಆಟೋಟದ ಚಿತ್ರ ತೆಗೆಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಬಳಿ ಕ್ಯಾನನ್ ಕ್ಯಾನೊನೆಟ್ ಕ್ಯೂಎಲ್17 ಜಿ-3 ಇದೆ. ಕಾಲೇಜಿನ ಒಳಾಂಗಣ ಕಬಡ್ಡಿ ಪಂದ್ಯಕ್ಕೆ ಒಯ್ದರೆ ಒಂದು ರೋಲ್‌ನಲ್ಲಿ ಎರಡೋ ಮೂರೋ ಚಿತ್ರ ಮಾತ್ರ ಫೋಕಸ್ ಆಗಿರುತ್ತವೆ. ರೈಡರ್ ಮೇಲೆ ಎರಡು ಬಿಂಬ ಕೂಡಿಸುವಷ್ಟರಲ್ಲಿ ಅವನು ಮಧ್ಯರೇಖೆ ಮುಟ್ಟಿ ಆಗಿರುತ್ತದೆ. ಏನು ಮಾಡಲಿ? (ವಿಜಯನಗರ)

ಉತ್ತರ: ಅವನ ಮೇಲೆ ಬಿಂಬ ಕೂಡಿಸುವ ಗೋಜಿಗೇ ಹೋಗಬೇಡಿ. ಆಟಗಾರನಿಗಲ್ಲ, ನೆಲದ ಒಂದು ಜಾಗಕ್ಕೆ ಫೋಕಸ್ ಮಾಡಿ ಕಾಯಬೇಕು. ಕಬಡ್ಡಿಯಲ್ಲಿ ಆ ಜಾಗವನ್ನು ಅಂಕಣವೇ ಗೆರೆ ಎಳೆದು ತೋರಿಸುತ್ತದೆ.

ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಮಧ್ಯರೇಖೆಯಿಂದ 3.75 ಮೀಟರ್‌ಗೆ ಬಾಲ್ಕ್ ಲೈನ್, ಅದರಿಂದ ಇನ್ನೊಂದು ಮೀಟರ್‌ಗೆ ಬೋನಸ್ ಲೈನ್. ರೈಡರ್ ಕಾಲು ಚಾಚುವುದು, ಹಿಂದಿನಿಂದ ಪಾದ ಹಿಡಿಸಿಕೊಳ್ಳುವುದು ಹೆಚ್ಚಾಗಿ ಈ ಎರಡು ಗೆರೆಗಳ ಆಸುಪಾಸಿನಲ್ಲೇ. ನೀವು ಕೊನೆಯ ಗೆರೆಯಿಂದ 2 ಮೀಟರ್ ಹಿಂದೆ ಕುಳಿತರೆ ಬೋನಸ್ ಲೈನ್ 3.75 ಮೀಟರ್, ಬಾಲ್ಕ್ ಲೈನ್ 4.75 ಮೀಟರ್ ದೂರದಲ್ಲಿರುತ್ತದೆ. ನಡುವಿನ 4.25 ಮೀಟರ್‌ಗೆ ಫೋಕಸ್ ಇಟ್ಟರೆ ನಿಮ್ಮ 40 ಎಂಎಂ ಲೆನ್ಸ್ ಎಫ್ 2ರಲ್ಲೇ (ಎಫ್ ಎಂದರೆ ಅಪರ್ಚರ್, ಲೆನ್ಸ್ ತೆರಪಿನ ಅಳತೆ; ಅಂಕಿ ಚಿಕ್ಕದಾದಷ್ಟೂ ತೆರಪು ದೊಡ್ಡದು) ಸುಮಾರು 3.7ರಿಂದ 5 ಮೀಟರ್ ತನಕ ಚೊಕ್ಕವಾಗಿ ಹಿಡಿಯುತ್ತದೆ, ಎಫ್ 2.8ರಲ್ಲಿ 3.5ರಿಂದ 5.4ರ ತನಕ. ಮಹಿಳೆಯರ ಅಂಕಣ ಚಿಕ್ಕದು, 12ಕ್ಕೆ 8. ಅಲ್ಲಿ ಹೊಸದಾಗಿ ಅಳೆಯಿರಿ.

ಪಂದ್ಯಕ್ಕೆ ಮುಂಚೆ ಎರಡು ಗೆರೆಗಳ ನಡುವೆ ಒಬ್ಬರನ್ನು ನಿಲ್ಲಿಸಿ ಫೋಕಸ್ ಮಾಡಿ. ಎರಡು ಬಿಂಬ ಅಕ್ಕಪಕ್ಕ ಸರಿಯುವುದರಿಂದ ಜೆರ್ಸಿಯ ನಿಲುಗೆರೆ ಅಥವಾ ಅಂಕಿ 1ರಂಥ ನೆಟ್ಟನೆಯ ಅಂಚೇ ಬೇಕು. ಅಡ್ಡಪಟ್ಟಿಯ ಮೇಲೆ ಕೂಡಿತೋ ಇಲ್ಲವೋ ಗೊತ್ತೇ ಆಗದು. ಆಮೇಲೆ ಫೋಕಸ್ ರಿಂಗ್‌ಗೆ ಒಂದು ತುಂಡು ಪೇಪರ್ ಟೇಪ್ ಅಂಟಿಸಿಬಿಡಿ. ಸೆಲೋ ಟೇಪ್ ಬೇಡ, ಅಂಟು ಉಳಿಯುತ್ತದೆ.

ಕೂರುವುದು ಕೊನೆಯ ಗೆರೆಯ ಮೂಲೆಯಲ್ಲಿ, ತಗ್ಗಾಗಿ. ನಟ್ಟನಡುವೆ ಕುಳಿತರೆ ಡಿಫೆಂಡರ್‌ಗಳ ಬೆನ್ನೇ ಬೆನ್ನು. ಮೂಲೆಯಿಂದ ದೂರ ಓರೆಯಾಗುವುದರಿಂದ ಯಾರನ್ನೋ ನಿಲ್ಲಿಸಿ ಫೋಕಸ್ ಮಾಡುವ ಕೆಲಸವನ್ನು ಅಲ್ಲಿ ಕುಳಿತೇ ಮಾಡಿ. 4.25 ಮೀಟರ್ ದೂರದಲ್ಲಿ ಫ್ರೇಮಿನ ಅಗಲ 3.8 ಮೀಟರ್, ರೈಡರ್ ಜೊತೆ ಇಬ್ಬರು ಮೂವರು ಡಿಫೆಂಡರ್‌ಗಳು ಆರಾಮಾಗಿ ಹಿಡಿಸುತ್ತಾರೆ. ಒಂದು ರೈಡ್‌ಗೆ 30 ಸೆಕೆಂಡ್. ರೈಡ್‌ಗೆ ಒಂದೇ ಚಿತ್ರ ಎಂದುಕೊಂಡರೂ 36ರ ರೋಲ್ ಒಂದು ಪಂದ್ಯಕ್ಕೆ ಸಾಲದು. ಅರ್ಧ ವಿರಾಮದಲ್ಲಿ ಬದಲಿಸಲು ಇನ್ನೊಂದು ಜೇಬಿನಲ್ಲಿರಲಿ.

ಕಾಲೇಜು ಒಳಾಂಗಣಗಳ ಬೆಳಕಿಗೆ ಐಎಸ್‌ಒ (ಬೆಳಕಿಗೆ ಫಿಲ್ಮ್‌ನ ಸಂವೇದನೆ) 1600, ಎಫ್ 2, ಶಟರ್ ವೇಗ 1/250 ಸೆಕೆಂಡ್ ಒಳ್ಳೆಯ ಆರಂಭ. ಕ್ಯಾನೊನೆಟ್‌ನ ಐಎಸ್‌ಒ ಗುರುತು 800ಕ್ಕೇ ನಿಲ್ಲುತ್ತದೆ ಎಂದು ಗಾಬರಿ ಬೇಡ. ಮ್ಯಾನುಯಲ್‌ನಲ್ಲಿ (ಅಪರ್ಚರ್, ಶಟರ್ ಎರಡನ್ನೂ ನಾವೇ ಆರಿಸುವಾಗ) ಬೆಳಕು ಅಳೆಯುವ ಮೀಟರ್ ಕೆಲಸವನ್ನೇ ಮಾಡುವುದಿಲ್ಲ, ಶಟರ್‌ಗೆ ಬ್ಯಾಟರಿಯೂ ಬೇಕಿಲ್ಲ. ಅಳತೆಯನ್ನು ಮೊಬೈಲ್‌ನ ಲೈಟ್ ಮೀಟರ್ ಆ್ಯಪ್‌ನಿಂದ ತೆಗೆದುಕೊಳ್ಳಿ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್‌ಗಳ ಕೆಳಗೆ ಒಂದು ಚಿತ್ರ ತಿಳಿ, ಇನ್ನೊಂದು ಗಾಢ ಬಂದರೆ ಕ್ಯಾಮೆರಾ ಕೆಟ್ಟಿತು ಅಂದುಕೊಳ್ಳಬೇಡಿ: ನಮ್ಮ 50 ಹರ್ಟ್ಜ್ ವಿದ್ಯುತ್ತಿನಲ್ಲಿ ಆ ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ, 1/250 ಅದರ ಒಂದು ಚೂರನ್ನಷ್ಟೇ ಹಿಡಿಯುತ್ತದೆ. ಮೊಬೈಲ್‌ನ ಸ್ಲೋ ಮೋಷನ್ ವಿಡಿಯೊದಲ್ಲಿ ನೋಡಿದರೆ ಮಿನುಗು ಕಾಣುತ್ತದೆ. ಹಾಗಿದ್ದರೆ 1/125ಕ್ಕೆ ಇಳಿಯಿರಿ. ಕೈಕಾಲು ಸ್ವಲ್ಪ ಅಲುಗಿದರೂ ಬೆಳಕು ಸಮನಾಗುತ್ತದೆ.

ಪ್ರಶ್ನೆ: ಯಾಶಿಕಾ ಎಲೆಕ್ಟ್ರೋ 35ರಲ್ಲಿ ಶಟರ್ ವೇಗ ಆರಿಸಿಕೊಳ್ಳಲು ಬರುವುದಿಲ್ಲವಲ್ಲ, ಓಟದ ಚಿತ್ರಕ್ಕೆ ಆದೀತೇ? (ರಾಜಾಜಿನಗರ)

ಉತ್ತರ: ಆಗುತ್ತದೆ. ಶಟರ್ ಬಟನ್ ಅರ್ಧ ಒತ್ತಿಕೊಂಡು, ಕೆಂಪು ದೀಪ ಹೊತ್ತುವ ತನಕ ಅಪರ್ಚರ್ ತೆರೆಯಿರಿ. ನಂತರ ದೀಪ ಆರುವಷ್ಟು ಮಾತ್ರ ಮುಚ್ಚಿ. ಅಲ್ಲಿಗೆ ಶಟರ್ ತನ್ನ ಗರಿಷ್ಠ ವೇಗವಾದ 1/500ರ ಹತ್ತಿರ ಇರುತ್ತದೆ. ಇನ್ನೂ ಸುಲಭದ ದಾರಿ ಬ್ಯಾಟರಿಯನ್ನೇ ತೆಗೆದುಬಿಡುವುದು. ವಿದ್ಯುತ್ ಇಲ್ಲದಾಗ ಈ ಶಟರ್ ಸದಾ 1/500ರಲ್ಲೇ ಬೀಳುತ್ತದೆ. ಐಎಸ್‌ಒ 400 ಫಿಲ್ಮ್‌ಗೆ ಬಿರುಬಿಸಿಲಲ್ಲಿ ಎಫ್ 16, ತೆಳುಮೋಡಕ್ಕೆ ಎಫ್ 11, ಮೋಡ ಕವಿದರೆ ಎಫ್ 8. ನೆನಪಿಟ್ಟು ತಿರುಗಿಸಿದರೆ ಸಾಕು.

ಪ್ರಶ್ನೆ: ಕಂಠೀರವದ ಟ್ರ್ಯಾಕ್ ಪಕ್ಕ ನಿಂತು 1/500ರಲ್ಲಿ ತೆಗೆದರೂ ಓಟಗಾರರು ಮಸುಕಾಗಿ ಬರುತ್ತಾರೆ. ಶಟರ್ ನಿಧಾನವಾಗಿದೆಯೇ? (ಶಾಂತಿನಗರ)

ಉತ್ತರ: ಇರಬಹುದು, ಆದರೆ ಮೊದಲು ನಿಂತ ಜಾಗವನ್ನು ಅನುಮಾನಿಸಿ. ಸೆಕೆಂಡಿಗೆ 8 ಮೀಟರ್ ಓಡುವವರು 1/500ರಲ್ಲಿ 16 ಮಿಲಿಮೀಟರ್ ಸರಿಯುತ್ತಾರೆ. 10 ಮೀಟರ್ ದೂರದಿಂದ 50 ಎಂಎಂ ಲೆನ್ಸ್‌ನಲ್ಲಿ ಅದು ಫಿಲ್ಮ್ ಮೇಲೆ 0.08 ಮಿಲಿಮೀಟರ್, ಕಣ್ಣು ಒಪ್ಪುವ ಮಿತಿ 0.03ರ ಸುತ್ತಮುತ್ತ. 1/1000ರಲ್ಲೂ 0.04. ಅಂದರೆ ಅಡ್ಡಹಾಯುವ ಓಟವನ್ನು ಕ್ಯಾಮೆರಾ ಅಲುಗಿಸದೆ ನಿಲ್ಲಿಸುವುದು ಈ ಶಟರ್‌ಗಳಿಗೆ ಕಷ್ಟ.

ಎರಡು ದಾರಿಗಳಿವೆ. ತಿರುವಿನ ಹೊರಗೆ, ಓಟಗಾರರು ನಿಮ್ಮತ್ತಲೇ ಬರುವಂತೆ ನಿಂತರೆ ಅಡ್ಡ ಸರಿತ ತೀರಾ ಕಡಿಮೆಯಾಗುತ್ತದೆ. ಆದರೆ ಆಗ ತಲೆನೋವು ಫೋಕಸ್‌ನದು. 90 ಎಂಎಂ ಲೆನ್ಸ್ 10 ಮೀಟರ್‌ಗೆ, ಎಫ್ 4ರಲ್ಲಿ, 8.7ರಿಂದ 11.7 ಮೀಟರ್ ತನಕ ಮಾತ್ರ ಚೊಕ್ಕ. ಆ 3 ಮೀಟರ್ ದಾಟಲು ಓಟಗಾರನಿಗೆ ಅರ್ಧ ಸೆಕೆಂಡೂ ಬೇಡ. ಎಫ್ 8ಕ್ಕೆ ಮುಚ್ಚಿದರೆ ಆರೂವರೆ ಮೀಟರ್ ಸಿಗುತ್ತದೆ. ಹರ್ಡಲ್ಸ್ ಆದರೆ ಒಂದು ಹರ್ಡಲ್‌ಗೇ ಫೋಕಸ್ ಇಡಿ, ಕಾಲು ನೆಲ ಬಿಡುವಾಗ ಒತ್ತಿ.

ಇನ್ನೊಂದು ದಾರಿ ಪ್ಯಾನಿಂಗ್, ಅಂದರೆ ಓಟಗಾರನ ಜೊತೆಜೊತೆಗೇ ಕ್ಯಾಮೆರಾ ತಿರುಗಿಸುತ್ತ ತೆಗೆಯುವುದು. 1/30ರಲ್ಲಿ ಸೊಂಟದಿಂದ ತಿರುಗುತ್ತ, ಒತ್ತಿದ ಮೇಲೂ ತಿರುಗುವುದನ್ನು ನಿಲ್ಲಿಸದೆ. ರೇಂಜ್‌ಫೈಂಡರ್ ನಿಜಕ್ಕೂ ಗೆಲ್ಲುವುದು ಇಲ್ಲಿಯೇ: ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಆಗುವಂತೆ ಕನ್ನಡಿ ಮೇಲೇಳುವುದಿಲ್ಲವಾದ್ದರಿಂದ ಕ್ಲಿಕ್ ಆಗುವಾಗಲೂ ಓಟಗಾರ ಕಣ್ಣಿಂದ ಮರೆಯಾಗುವುದಿಲ್ಲ, 50 ಅಥವಾ 90ರ ಫ್ರೇಮ್ ಗೆರೆಯ (ಚಿತ್ರದಲ್ಲಿ ಬರುವಷ್ಟು ಭಾಗವನ್ನು ವ್ಯೂಫೈಂಡರ್‌ನಲ್ಲಿ ತೋರಿಸುವ ಚೌಕಟ್ಟಿನ) ಆಚೆಯಿಂದ ಬರುತ್ತಿರುವವರೂ ಕಾಣುತ್ತಾರೆ. ಎರಡೂ ಕಣ್ಣು ತೆರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ರಸ್ತೆ ಓಟಗಳಿಗೆ ಲೆಕ್ಕ ಸಲೀಸು. ಬೆಳಗ್ಗೆ ಕಬ್ಬನ್ ಪಾರ್ಕ್ ಮರಗಳ ನೆರಳಿನಲ್ಲಿ ಐಎಸ್‌ಒ 400, ಎಫ್ 4, 1/250ರಿಂದ ಶುರುಮಾಡಿ, 35 ಎಂಎಂ ಲೆನ್ಸ್ 4 ಮೀಟರ್‌ಗೆ: 2.9ರಿಂದ 6.5 ಮೀಟರ್ ತನಕ ಯಾರೇ ಬರಲಿ, ಸಿಗುತ್ತಾರೆ.

ಪ್ರಶ್ನೆ: ಲೈಕಾ ಎಂ6ಗೆ 135 ಎಂಎಂ ಲೆನ್ಸ್ ಕೊಂಡರೆ ಗ್ಯಾಲರಿಯಿಂದ ಕ್ರಿಕೆಟ್ ತೆಗೆಯಬಹುದೇ? (ಬಸವನಗುಡಿ)

ಉತ್ತರ: ಕೊಳ್ಳಬೇಡಿ. 60 ಮೀಟರ್ ದೂರದ ಬ್ಯಾಟರ್ ಫಿಲ್ಮ್ ಮೇಲೆ 4 ಮಿಲಿಮೀಟರ್ ಎತ್ತರವೂ ಬರುವುದಿಲ್ಲ; ಫ್ರೇಮ್ ಇರುವುದು 24. ಸಾಲದ್ದಕ್ಕೆ ಎಂ6ರ ಫ್ರೇಮ್ ಗೆರೆಗಳನ್ನು ಹತ್ತಿರದ ದೂರಕ್ಕೆ ಹೊಂದಿಸಿರುವುದರಿಂದ, ದೂರದ್ದನ್ನು ತೆಗೆದಾಗ ಗೆರೆಯ ಹೊರಗಿನದೂ ಫಿಲ್ಮ್‌ಗೆ ಬಂದು ಆಟಗಾರ ಇನ್ನಷ್ಟು ಚಿಕ್ಕದಾಗಿ ಕಾಣುತ್ತಾನೆ. ಅದರ ಬದಲು ಇರುವ 50 ಎಂಎಂ ಹಿಡಿದು ನೆಟ್ಸ್‌ಗೆ ಹೋಗಿ. ಲೆನ್ಸನ್ನು ಬಲೆಯ ಕಣ್ಣಿಗೇ ತಾಗಿಸಿ ತೆಗೆಯಿರಿ. ಬಲೆಯಂಥ ಒಂದೇ ಮಾದರಿ ಮತ್ತೆ ಮತ್ತೆ ಬರುವಲ್ಲಿ ಎರಡು ಬಿಂಬ ಸುಳ್ಳೇ ಕೂಡಿದಂತೆ ಕಾಣುತ್ತವೆ, ಆದ್ದರಿಂದ ಫೋಕಸನ್ನು ಬಲೆಯ ಮೇಲಲ್ಲ, ಸ್ಟಂಪ್ ಮೇಲೆ ಮಾಡಿ. ಸ್ಟಂಪ್‌ಗಿಂತ ಒಳ್ಳೆಯ ನೆಟ್ಟಗೆರೆ ಮೈದಾನದಲ್ಲಿ ಇನ್ನೊಂದಿಲ್ಲ.

ಪ್ರಶ್ನೆ: ಹಿಂದೆ ಇಂಥ ಕ್ಯಾಮೆರಾದಲ್ಲಿ ದೊಡ್ಡ ಕ್ರೀಡಾಕೂಟ ತೆಗೆದವರಿದ್ದಾರೆಯೇ? (ಮಲ್ಲೇಶ್ವರ)

ಉತ್ತರ: ಇದ್ದಾರೆ. 1936ರ ಬರ್ಲಿನ್ ಒಲಿಂಪಿಕ್ಸನ್ನು ಪಾಲ್ ವೋಲ್ಫ್ ಲೈಕಾದಲ್ಲಿ ಚಿತ್ರಿಸಿದರು. ಅದೇ ಕೂಟಕ್ಕೆಂದು ಜೈಸ್ ಕಂಪನಿ ಕಾಂಟ್ಯಾಕ್ಸ್ ರೇಂಜ್‌ಫೈಂಡರ್‌ಗೆ 180 ಎಂಎಂ, ಎಫ್ 2.8ರ ಸೊನ್ನಾರ್ ಲೆನ್ಸ್ ತಂದಿತು. ಅಷ್ಟು ಉದ್ದದ ಲೆನ್ಸ್‌ಗೆ ರೇಂಜ್‌ಫೈಂಡರ್‌ನ ನಿಖರತೆ ಸಾಲದೆ, ಮುಂದೆ ಲೆನ್ಸ್ ಮೂಲಕವೇ ನೋಡಿ ಫೋಕಸ್ ಮಾಡುವ ಕನ್ನಡಿ ಪೆಟ್ಟಿಗೆ ಜೋಡಿಸಿ ಬಳಸುವಂತಾಯಿತು.

ಪ್ರಶ್ನೆ: ಜೊರ್ಕಿ 4ರಲ್ಲಿ ತೆಗೆದ ಫುಟ್‌ಬಾಲ್ ಚಿತ್ರಗಳಲ್ಲಿ ಒಂದೇ ಜಾಗದಲ್ಲಿ ಬಿಳಿ ಚುಕ್ಕೆ. ಲೆನ್ಸ್ ಬದಲಿಸಿದರೂ ಹೋಗಿಲ್ಲ. (ಆಸ್ಟಿನ್ ಟೌನ್)

ಉತ್ತರ: ಬಟ್ಟೆಯ ಶಟರ್ ಪರದೆಯಲ್ಲಿ ಸೂಜಿ ಮೊನೆಯಷ್ಟು ತೂತಾಗಿದೆ. ಕನ್ನಡಿ ಇಲ್ಲದ ಕ್ಯಾಮೆರಾದಲ್ಲಿ ಲೆನ್ಸ್ ಹಿಂದೆ ನೇರವಾಗಿ ಬಟ್ಟೆಯೇ. ಮಧ್ಯಾಹ್ನದ ಪಂದ್ಯದಲ್ಲಿ ಕ್ಯಾಮೆರಾವನ್ನು ಬೆಂಚಿನ ಮೇಲೆ ಮುಖ ಮೇಲಾಗಿ ಇಟ್ಟರೆ ಬಿಸಿಲು ಅಲ್ಲಿ ಕೇಂದ್ರೀಕರಿಸಿ ಸುಡುತ್ತದೆ. ಫಿಲ್ಮ್ ತೆಗೆದು, ಹಿಂಬದಿ ತೆರೆದು, ಲೆನ್ಸ್ ಬಿಚ್ಚಿ, ಕತ್ತಲೆ ಕೋಣೆಯಲ್ಲಿ ಮುಂದಿನಿಂದ ಟಾರ್ಚ್ ಬಿಡಿ. ತೂತು ನಕ್ಷತ್ರದಂತೆ ಹೊಳೆಯುತ್ತದೆ. ಶಟರ್ ಏರಿಸಿ (ಫಿಲ್ಮ್ ಮುಂದೆ ಸರಿಸುವಂತೆ ತಿರುಗಿಸಿ) ಇನ್ನೊಂದು ಪರದೆಯನ್ನೂ ನೋಡಿ. ಒಂದೆರಡು ತೂತಿಗೆ ಕಪ್ಪು ಬಟ್ಟೆ ಬಣ್ಣ ತೆಳ್ಳಗೆ ಸವರಿದರೆ ಸಾಕು. ದಪ್ಪ ಬಳಿದರೆ ಪರದೆ ಬಿರುಸಾಗಿ ವೇಗವೇ ತಪ್ಪುತ್ತದೆ. ಇನ್ನು ಮೇಲೆ ಆಟ ನಿಂತಾಗ ಮುಚ್ಚಳ ಹಾಕಿ. ತೆಗೆಯುವುದು ಮರೆತರೆ ವ್ಯೂಫೈಂಡರ್ ಹೇಳುವುದಿಲ್ಲ, ಅದೊಂದು ಪೀಡೆ ಇದ್ದದ್ದೇ. ಜೊರ್ಕಿಯಲ್ಲಿ ಶಟರ್ ಏರಿಸಿದ ಮೇಲೆಯೇ ಅದರ ವೇಗ ಬದಲಿಸಿ, ಮೊದಲೇ ತಿರುಗಿಸಿದರೆ ಒಳಗಿನ ಭಾಗ ಕೆಡಬಹುದು.

ಪ್ರಶ್ನೆ: ಐಎಸ್‌ಒ 400ರ ಕಪ್ಪು-ಬಿಳುಪು ಫಿಲ್ಮ್ ಎಚ್‌ಪಿ5 ಅನ್ನು 1600ಕ್ಕೆ ಪುಶ್ ಮಾಡಿ (1600ರದ್ದೆಂದು ಚಿತ್ರ ತೆಗೆದು, ಹೆಚ್ಚು ಹೊತ್ತು ಡೆವಲಪ್ ಮಾಡಿ) ಮನೆಯಲ್ಲೇ ತೊಳೆಯುವುದು ಹೇಗೆ? ಏಪ್ರಿಲ್‌ನಲ್ಲಿ ನಲ್ಲಿ ನೀರೇ ಬೆಚ್ಚಗಿರುತ್ತದೆ. (ಜಯನಗರ)

ಉತ್ತರ: ಐಡಿ-11 ಡೆವಲಪರ್ ನೀರು ಬೆರೆಸದೆ, 20 ಡಿಗ್ರಿಯಲ್ಲಿ 14 ನಿಮಿಷ. ದ್ರಾವಣ 24 ಡಿಗ್ರಿ ಇದ್ದರೆ ಸುಮಾರು 10 ನಿಮಿಷ. ಅದಕ್ಕಿಂತ ಬೆಚ್ಚಗಿದ್ದರೆ ಸಮಯ ಕಡಿತಗೊಳಿಸುತ್ತ ಹೋಗಬೇಡಿ. ಬಾಟಲಿಗಳನ್ನು ಐಸ್ ಹಾಕಿದ ಬಕೆಟ್‌ನಲ್ಲಿ ನಿಲ್ಲಿಸಿ ತಣಿಸಿ. ಫಿಕ್ಸರ್, ತೊಳೆಯುವ ನೀರು ಎರಡೂ ಅದೇ ತಾಪಕ್ಕೆ ಹತ್ತಿರ ಇರಲಿ. ಮೊದಲ 10 ಸೆಕೆಂಡ್, ಆಮೇಲೆ ಪ್ರತಿ ನಿಮಿಷದ ಮೊದಲ 10 ಸೆಕೆಂಡ್ ಟ್ಯಾಂಕ್ ತಲೆಕೆಳಗು ಮಾಡಿ. ಪುಶ್ ಮಾಡಿದರೆ ನೆರಳಿನ ವಿವರ ಮರಳಿ ಬರುವುದಿಲ್ಲ, ಹೊಳಪಿನ ಭಾಗವಷ್ಟೇ ದಟ್ಟವಾಗುತ್ತದೆ. ಆದ್ದರಿಂದ ಮೀಟರ್ ಹಿಡಿಯುವಾಗ ಚಾವಣಿಯ ದೀಪಗಳನ್ನು ಬಿಟ್ಟು ಆಟಗಾರರ ಮುಖಕ್ಕೆ ಅಳೆಯಿರಿ.