ಮೊದಲ ವರ್ಷ ಹೆಚ್ಚುವರಿ ಶಿಫ್ಟ್ ಹಿಡಿಯಬೇಡ ತಂಗಿ

ಇಂಗ್ಲೆಂಡಿನ ಮಾನಸಿಕ ಆರೋಗ್ಯ ವಾರ್ಡಿಗೆ ನರ್ಸ್ ಆಗಿ ಹೊರಟಿದ್ದೇನೆ ಅಂತ ಸೋಮವಾರಪೇಟೆಯಿಂದ ಬರೆದಿದ್ದೀಯ. ಕೆಲಸದಲ್ಲಿ ಖುಷಿ ಇದೆಯಾ ಅಥವಾ ಎರಡೇ ವರ್ಷಕ್ಕೆ ಸಾಕಾಗಿಹೋಗುತ್ತದಾ ಅಂತ ಕೇಳಿದ್ದೀಯ. ನಾನು ಸುಂಟಿಕೊಪ್ಪದವಳು, ಇಲ್ಲಿಗೆ ಬಂದು ಹದಿನಾಲ್ಕು ವರ್ಷ. ನನಗೆ ಎರಡೂ ಆಗಿದೆ.

ಖುಷಿಯನ್ನು ಮೊದಲು ಹೇಳುತ್ತೇನೆ. ಪ್ರಾಣಕ್ಕೆ ಅಪಾಯ ಮಾಡಿಕೊಳ್ಳಬಹುದು ಅನ್ನುವ ರೋಗಿಯ ಪಕ್ಕ ಯಾರಾದರೊಬ್ಬರು ಸದಾ ಇರಬೇಕು. ‘ಒನ್ ಟು ಒನ್’ ಅಂತಾರೆ. ಹಾಗೆ ನಾನು ಕೂತಿದ್ದ ಒಬ್ಬ ಅಜ್ಜ ಮೂರು ವಾರ ಬಾಯಿ ಬಿಟ್ಟಿರಲಿಲ್ಲ. ಒಂದು ಸಂಜೆ ತಟ್ಟೆಯಲ್ಲಿದ್ದ ಎರಡು ಬಿಸ್ಕತ್ತಿನಲ್ಲಿ ಒಂದನ್ನು ಸುಮ್ನೆ ನನ್ನ ಕಡೆ ತಳ್ಳಿದರು. ಆ ಬಿಸ್ಕತ್ತು ಇವತ್ತಿಗೂ ನೆನಪಿದೆ.

ಜಾಸ್ತಿ ಸುಸ್ತು ಮಾಡುವುದು, ಕೆಲಸಕ್ಕೆ ಜನ ಕಮ್ಮಿ ಇರುವ ವಾರ್ಡು. ಶಿಫ್ಟ್ ಹನ್ನೆರಡೂವರೆ ಗಂಟೆ. ಊರಿನ ಸಾಲ ಬೇಗ ತೀರಲಿ ಅಂತ ನಾನು ರಜೆಯ ದಿನವೂ ಶಿಫ್ಟ್ ಹಿಡಿದೆ. ಎರಡನೇ ವರ್ಷ ಒಬ್ಬ ಹುಡುಗಿ ನನ್ನೆದುರು ಅಳುತ್ತಿದ್ದಾಗ ನಾನು ಗಡಿಯಾರ ನೋಡುತ್ತಿದ್ದೆ. ಅದೇ ವಾರ ಅಮ್ಮ ಫೋನ್ ಮಾಡಿ, ‘ಹೂಮಳೆ ಚೆನ್ನಾಗಿ ಬಿತ್ತು, ತೋಟ ಪೂರ್ತಿ ಬೆಳ್ಳಗಾಗಿದೆ’ ಅಂದರು. ಕಾಫಿ ಹೂವಿನ ವಾಸನೆ ನೆನೆದರೇ ಕಣ್ಣು ತುಂಬುತ್ತಿದ್ದವಳು ನಾನು. ಅವತ್ತು ಏನೂ ಅನ್ನಿಸಲಿಲ್ಲ. ‘ಹೂಂ’ ಅಂದು ಫೋನ್ ಇಟ್ಟೆ.

ನಾನೇ ಕೆಟ್ಟವಳಾದೆ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಇದು ಬರ್ನ್‌ಔಟ್. ಅದನ್ನು ಅಳೆಯಲು ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸಂಗಡಿಗರು 1981ರಲ್ಲೇ ಪ್ರಶ್ನಾವಳಿ ಮಾಡಿದ್ದಾರೆ. ಜೀವ ಬರಿದಾಗುವುದು, ಎದುರಿಗಿರುವವರ ಮೇಲೆ ಮನಸ್ಸು ಕಲ್ಲಾಗುವುದು, ಮಾಡಿದ್ದೆಲ್ಲ ವ್ಯರ್ಥ ಅನ್ನಿಸುವುದು, ಮೂರೂ ಅದರಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಇದನ್ನು ಕಾಯಿಲೆ ಅನ್ನಲಿಲ್ಲ, ಕೆಲಸದ ಒತ್ತಡದಿಂದ ಬರುವಂಥದ್ದು ಅಂದಿತು. ಆ ಮಾತು ನನಗೆ ಎಷ್ಟು ಸಮಾಧಾನ ಕೊಟ್ಟಿತು ಅಂತೀಯ!

ಅದಕ್ಕೇ ಮೊದಲ ವರ್ಷ ಹೆಚ್ಚುವರಿ ಶಿಫ್ಟ್ ಬೇಡ, ಸಾಲ ಇದ್ದರೆ ಒಂದು ವರ್ಷ ತಡವಾಗಿ ತೀರಲಿ. ಕ್ಲಿನಿಕಲ್ ಸೂಪರ್‌ವಿಷನ್ ತಪ್ಪಿಸಬೇಡ. ಹಿರಿಯರೊಬ್ಬರ ಮುಂದೆ ಕೂತು ಮನಸ್ಸಿನ ಭಾರ ಇಳಿಸುವ ಹೊತ್ತು ಅದು. ವಾರ್ಡಿನಲ್ಲಿ ಜನ ಕಮ್ಮಿ ಅಂತ ಮೊದಲು ಕೈಬಿಡುವುದು ಅದನ್ನೇ. ನೀನೇ ದಿನ ಕೇಳಿ ಬರೆಸಿಕೋ.

ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಮೊದಲ ವರ್ಷವೇ 27 ದಿನ ರಜೆ ಇದೆ, ಸರ್ಕಾರಿ ರಜೆ ಬೇರೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಊರಿಗೆ ಹೋಗಬೇಕು ಅಂದರೆ, ಇಗ್ಗುತ್ತಪ್ಪ ದೇವರ ಸನ್ನಿಧಿಯಲ್ಲಿ ಹಬ್ಬದ ದಿನ ನಿಗದಿಯಾಗಲಿ ಅಂತ ಕಾಯಬೇಡ, ಅಷ್ಟರಲ್ಲಿ ಡ್ಯೂಟಿ ಪಟ್ಟಿ ತುಂಬಿರುತ್ತದೆ. ಸೇರಿದ ವಾರವೇ ನವೆಂಬರ್ ಕೊನೆ, ಡಿಸೆಂಬರ್ ಮೊದಲು ಸೇರಿಸಿ ಮೂರು ವಾರ ಕೇಳು.