ವಿಧಿವಿಜ್ಞಾನದ ಓದು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿ. ಮುಂದೆ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಕೆಲಸ ಮಾಡಬೇಕೆಂಬ ಆಸೆಯಿದೆ. ಪಿಯುಸಿ ಮುಗಿದ ಕೂಡಲೇ ಬಿ.ಎಸ್ಸಿ. ಫೊರೆನ್ಸಿಕ್ ಸೈನ್ಸ್ ಸೇರಬೇಕೇ, ಇಲ್ಲವೇ ಸಾಮಾನ್ಯ ಬಿ.ಎಸ್ಸಿ. ಮುಗಿಸಿ ಆಮೇಲೆ ಈ ವಿಷಯಕ್ಕೆ ಬರಬೇಕೇ? ಎಲ್ಲಿ ಓದಬಹುದು?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಎರಡೂ ದಾರಿಗಳಿವೆ. ಆದರೆ ಯಾವ ದಾರಿ ಹಿಡಿದರೂ ರಸಾಯನವಿಜ್ಞಾನ, ಜೀವವಿಜ್ಞಾನ, ಭೌತವಿಜ್ಞಾನ ಇವುಗಳಲ್ಲಿ ಒಂದರಲ್ಲಾದರೂ ನಿಮಗೆ ಗಟ್ಟಿಯಾದ ತಳಪಾಯ ಇರಲೇಬೇಕು. ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಎಲ್ಲರೂ ಎಲ್ಲವನ್ನೂ ಪರೀಕ್ಷಿಸುವುದಿಲ್ಲ. ವಿಷವಿಜ್ಞಾನ, ಡಿಎನ್‌ಎ, ಬಂದೂಕು ಮತ್ತು ಮದ್ದುಗುಂಡು, ದಸ್ತಾವೇಜು, ಮೊಬೈಲು-ಕಂಪ್ಯೂಟರು ಎಂದು ವಿಭಾಗಗಳು ಬೇರೆಬೇರೆಯಾಗಿರುತ್ತವೆ. ಕೀಟನಾಶಕ ಕುಡಿದು ಸತ್ತವರ ಒಳಾಂಗದ ಮಾದರಿಯಿಂದ ವಿಷವನ್ನು ಬೇರ್ಪಡಿಸಿ ಗುರುತಿಸುವವರಿಗೆ ಬೇಕಾದದ್ದು ಸಾವಯವ ರಸಾಯನದ ಮತ್ತು ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಕ್ರೊಮ್ಯಾಟೋಗ್ರಫಿ ವಿಧಾನದ ಆಳವಾದ ಪರಿಚಯ. ಡಿಎನ್‌ಎ ವಿಭಾಗದವರಿಗೆ ತಳಿವಿಜ್ಞಾನದ ಜೊತೆಗೆ ಸಂಖ್ಯಾಶಾಸ್ತ್ರವೂ ತಿಳಿದಿರಬೇಕು. ಮೂರು ವರ್ಷಗಳಲ್ಲಿ ಎಲ್ಲ ವಿಭಾಗಗಳ ಪರಿಚಯವನ್ನಷ್ಟೇ ಮಾಡಿಸಿ ಕಳುಹಿಸುವ ಪದವಿಯಿಂದ ಆಸಕ್ತಿ ಹುಟ್ಟಬಹುದು, ಪರಿಣತಿ ಬರುವುದಿಲ್ಲ.

ಇದಕ್ಕೆ ಉದ್ಯೋಗದ ದೃಷ್ಟಿಯಿಂದಲೂ ಕಾರಣವಿದೆ. ಸರ್ಕಾರಿ ಪ್ರಯೋಗಾಲಯಗಳ ವೈಜ್ಞಾನಿಕ ಹುದ್ದೆಗಳಿಗೆ ಹೊರಡುವ ಅಧಿಸೂಚನೆಗಳಲ್ಲಿ ಹಲವು ಬಾರಿ ನಿರ್ದಿಷ್ಟ ವಿಜ್ಞಾನದ ಎಂ.ಎಸ್ಸಿ. ಕೇಳುತ್ತಾರೆ; ವಿಧಿವಿಜ್ಞಾನದ ಎಂ.ಎಸ್ಸಿ.ಯನ್ನು ಒಪ್ಪಿದಾಗಲೂ ಪದವಿಯಲ್ಲಿ ಆ ಮೂಲ ವಿಷಯವನ್ನು ಓದಿರಬೇಕೆಂಬ ಷರತ್ತು ಸೇರಿರುವುದುಂಟು. ಆದ್ದರಿಂದ ಬಿ.ಎಸ್ಸಿ. ಫೊರೆನ್ಸಿಕ್ ಸೇರುವುದಾದರೆ ಪ್ರವೇಶ ಶುಲ್ಕ ಕಟ್ಟುವ ಮೊದಲೇ ಆ ಕಾಲೇಜಿನ ಪಠ್ಯಕ್ರಮವನ್ನು ತರಿಸಿ ನೋಡಿ, ರಸಾಯನವಿಜ್ಞಾನವೋ ಪ್ರಾಣಿವಿಜ್ಞಾನವೋ ಎಲ್ಲ ವರ್ಷಗಳಲ್ಲೂ ಪೂರ್ಣ ವಿಷಯವಾಗಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಈ ಒಂದು ವಿಚಾರಣೆ ಮಾಡದೆ ಸೇರಿದವರು ಪದವಿ ಕೈಗೆ ಬಂದ ಮೇಲೆ ಅರ್ಜಿ ಹಾಕಲಾಗದೆ ಪರಿತಪಿಸುವ ಪರಿಸ್ಥಿತಿ ಬರಬಾರದು. ನನ್ನನ್ನು ಕೇಳಿದರೆ, ನಿಮ್ಮ ಊರಿನ ಹತ್ತಿರದ ಒಳ್ಳೆಯ ಕಾಲೇಜಿನಲ್ಲಿ ರಸಾಯನವಿಜ್ಞಾನವಿರುವ ಬಿ.ಎಸ್ಸಿ. ಮುಗಿಸಿ, ಎಂ.ಎಸ್ಸಿ.ಗೆ ವಿಧಿವಿಜ್ಞಾನ ಆರಿಸಿಕೊಳ್ಳುವುದೇ ಮೇಲು.

ಓದುವ ಸ್ಥಳಕ್ಕಾಗಿ ನೀವು ಬಹಳ ದೂರ ಹೋಗಬೇಕಾಗಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನದ ಸ್ನಾತಕೋತ್ತರ ವಿಭಾಗವಿದೆ. 2020ರ ಸಂಸತ್ತಿನ ಕಾಯ್ದೆಯಿಂದ ರೂಪುಗೊಂಡ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಗಾಂಧಿನಗರದಲ್ಲಿದ್ದರೂ ಅದರ ಕ್ಯಾಂಪಸ್ ಒಂದು ಧಾರವಾಡಕ್ಕೂ ಬಂದಿದೆ. ಅದಕ್ಕೆ 2023ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು. ಖಾಸಗಿ ಕಾಲೇಜುಗಳೂ ಹಲವಿವೆ. ಅಲ್ಲಿಗೆ ಹೋದಾಗ ಕಟ್ಟಡವನ್ನು ನೋಡಬೇಡಿ, ಪ್ರಯೋಗಾಲಯವನ್ನು ನೋಡಿ. ಉಪಕರಣಗಳನ್ನು ವಿದ್ಯಾರ್ಥಿಗಳೇ ಕೈಯಾರೆ ಬಳಸುತ್ತಾರೆಯೇ, ಪಾಠ ಮಾಡುವವರಲ್ಲಿ ನಿಜವಾದ ಪ್ರಕರಣಗಳ ವರದಿ ಬರೆದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವರು ಯಾರಾದರೂ ಇದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ.

ಪ್ರಶ್ನೆ: ಮಗಳು ವಿಧಿವಿಜ್ಞಾನ ಓದುತ್ತೇನೆ ಎನ್ನುತ್ತಿದ್ದಾಳೆ. ಶವ ಕೊಯ್ಯುವ ಕೆಲಸ ಹೆಣ್ಣುಮಗಳಿಗೆ ಏಕೆ ಎಂದು ಮನೆಯಲ್ಲಿ ಹಿರಿಯರ ಆಕ್ಷೇಪ. ಕೆಲಸ ಸಿಗುತ್ತದೆಯೇ ಎಂಬ ಚಿಂತೆಯೂ ಇದೆ.
– ತಂದೆಯೊಬ್ಬರು, ತುಮಕೂರು

ಉತ್ತರ: ಮರಣೋತ್ತರ ಪರೀಕ್ಷೆ ಮಾಡುವವರು ವೈದ್ಯರು. ಎಂಬಿಬಿಎಸ್ ಮುಗಿಸಿದವರು ಅದರಲ್ಲಿ ವಿಶೇಷ ಪರಿಣತಿಗಾಗಿ ಫೊರೆನ್ಸಿಕ್ ಮೆಡಿಸಿನ್‌ನಲ್ಲಿ ಎಂಡಿ ಮಾಡುತ್ತಾರೆ. ನಿಮ್ಮ ಮಗಳು ಓದಬಯಸಿರುವುದು ಅದಲ್ಲ. ವಿಧಿವಿಜ್ಞಾನ ಪ್ರಯೋಗಾಲಯದವರ ಮೇಜಿಗೆ ಬರುವುದು ಅರಗಿನ ಮುದ್ರೆ ಹಾಕಿದ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ವಶಪಡಿಸಿಕೊಂಡ ವಸ್ತುಗಳು: ಬಟ್ಟೆ, ಬಾಟಲಿ, ಕೂದಲು, ಕಾಗದ, ಮೊಬೈಲು. ಇನ್ನು ಹೆಣ್ಣುಮಕ್ಕಳಿಗೆ ಏಕೆ ಎಂಬ ಮಾತು: ಶವಾಗಾರದ ಕೆಲಸವೇ ಆಗಿದ್ದರೂ ಅದನ್ನು ಸಮರ್ಥವಾಗಿ ಮಾಡುತ್ತಿರುವ ವೈದ್ಯೆಯರು ನಮ್ಮ ರಾಜ್ಯದಲ್ಲೇ ಇದ್ದಾರೆ ಎಂದು ಹಿರಿಯರಿಗೆ ವಿನಯದಿಂದಲೇ ತಿಳಿಸಿ.

ಉದ್ಯೋಗದ ವಿಷಯದಲ್ಲಿ ಒಂದು ಮಹತ್ವದ ಬದಲಾವಣೆಯಾಗಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನ ಪ್ರಕಾರ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಸಾಕ್ಷ್ಯ ಸಂಗ್ರಹಿಸಬೇಕು. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಕಾಲಾವಕಾಶವಿದೆ. ಕರ್ನಾಟಕದಲ್ಲಿ ಪೊಲೀಸರಿಗೆ ನೆರವಾಗಲು ಸೀನ್ ಆಫ್ ಕ್ರೈಮ್ ಆಫೀಸರ್ ಎಂಬ ಹುದ್ದೆಗಳೂ ಬಂದಿವೆ. ಬೇಡಿಕೆ ಹೆಚ್ಚುವುದು ಖಂಡಿತ. ಆದರೂ ಸರ್ಕಾರಿ ನೇಮಕಾತಿ ನಿಧಾನವಾದದ್ದು, ಅಧಿಸೂಚನೆಗಾಗಿ ವರ್ಷಗಟ್ಟಲೆ ಕಾಯಬೇಕಾಗಬಹುದು. ಮೂಲ ವಿಜ್ಞಾನ ಗಟ್ಟಿಯಾಗಿದ್ದರೆ ಆ ಅವಧಿಯಲ್ಲಿ ಔಷಧ ತಯಾರಿಕೆ, ಆಹಾರ ಪರೀಕ್ಷೆ, ಅಧ್ಯಾಪನ ಮುಂತಾದ ಕಡೆ ದುಡಿಯಬಹುದು. ಮೇಲಿನ ಉತ್ತರದಲ್ಲಿ ನಾನು ತಳಪಾಯಕ್ಕೆ ಅಷ್ಟು ಒತ್ತು ಕೊಟ್ಟದ್ದು ಇದಕ್ಕಾಗಿಯೂ ಹೌದು.

ಪ್ರಶ್ನೆ: ನಾನು ಬಿ.ಎಸ್ಸಿ. ಫೊರೆನ್ಸಿಕ್ ಅಂತಿಮ ವರ್ಷದಲ್ಲಿದ್ದೇನೆ. ಪ್ರಯೋಗದ ತರಗತಿಯಲ್ಲಿ ಕಲೆಯೊಂದಕ್ಕೆ ಫಿನಾಲ್ಫ್ಥಲೀನ್ ಪರೀಕ್ಷೆ ಮಾಡಿದಾಗ ಗುಲಾಬಿ ಬಣ್ಣ ಬಂತು. ‘ರಕ್ತ ಇದೆ’ ಎಂದು ದಾಖಲೆ ಪುಸ್ತಕದಲ್ಲಿ ಬರೆದದ್ದಕ್ಕೆ ಅಂಕ ಕಳೆದರು. ನಾನು ಬರೆದದ್ದರಲ್ಲಿ ತಪ್ಪೇನು?
– ವಿದ್ಯಾರ್ಥಿಯೊಬ್ಬರು, ಮೈಸೂರು

ಉತ್ತರ: ನಿಮ್ಮ ಅಧ್ಯಾಪಕರು ಮಾಡಿದ್ದು ಸರಿ, ಮತ್ತು ಅವರು ಕಲಿಸಲು ಹೊರಟದ್ದು ಈ ವಿದ್ಯೆಯ ಜೀವಾಳ. ಆ ಪರೀಕ್ಷೆಯಲ್ಲಿ ಬಣ್ಣ ಬರುವುದು, ರಕ್ತದ ಹಿಮೋಗ್ಲೋಬಿನ್‌ನಲ್ಲಿರುವ ಹೀಮ್ ಅಂಶವು ಹೈಡ್ರೋಜನ್ ಪೆರಾಕ್ಸೈಡ್ ಜೊತೆಗಿನ ಕ್ರಿಯೆಯನ್ನು ಚುರುಕುಗೊಳಿಸುವುದರಿಂದ. ಕೆಲವು ತರಕಾರಿಗಳ ರಸದಲ್ಲಿರುವ ಪೆರಾಕ್ಸಿಡೇಸ್ ಕಿಣ್ವವೂ ಅದೇ ಕೆಲಸ ಮಾಡಬಲ್ಲದು. ಆದ್ದರಿಂದ ಗುಲಾಬಿ ಬಣ್ಣ ಬಂದಾಗ ನೀವು ಬರೆಯಬಹುದಾದದ್ದು ‘ರಕ್ತವಿರುವ ಸಾಧ್ಯತೆ ಇದೆ’ ಎಂದಷ್ಟೇ. ಮುಂದೆ ತಕಯಾಮ ಹರಳು ಪರೀಕ್ಷೆಯಂಥ ದೃಢೀಕರಣ ಪರೀಕ್ಷೆ ಮಾಡಿದರೆ ರಕ್ತವೆಂದು ಹೇಳಬಹುದು. ಅದು ಮನುಷ್ಯನದೇ ಎಂದು ಹೇಳಲು ಬೇರೆ ಪರೀಕ್ಷೆ ಬೇಕು, ಯಾರದೆಂದು ಹೇಳಲು ಡಿಎನ್‌ಎ ಹೋಲಿಕೆ ಬೇಕು. ಇಷ್ಟೆಲ್ಲ ಆದ ಮೇಲೂ ಆ ರಕ್ತ ಅಲ್ಲಿಗೆ ಹೇಗೆ ಬಂತು, ಯಾವಾಗ ಬಂತು ಎಂಬುದನ್ನು ಆ ಪರೀಕ್ಷೆ ಹೇಳುವುದಿಲ್ಲ. ಒಂದೊಂದು ಮೆಟ್ಟಿಲಿನಲ್ಲೂ ಎಷ್ಟು ಹೇಳಬಹುದೋ ಅಷ್ಟಕ್ಕೇ ನಿಲ್ಲುವುದನ್ನು ಕಲಿಯದವರು ಎಷ್ಟು ಉಪಕರಣ ಬಲ್ಲವರಾದರೂ ಅಪಾಯಕಾರಿ.

ಇದು ಉತ್ಪ್ರೇಕ್ಷೆಯಲ್ಲ. 2004ರಲ್ಲಿ ಸ್ಪೇನಿನ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಸಿಕ್ಕ ಬೆರಳಚ್ಚು ಅಮೆರಿಕದ ವಕೀಲರೊಬ್ಬರದೆಂದು ಎಫ್‌ಬಿಐನ ಪರಿಣತರೇ ನಿಶ್ಚಯವಾಗಿ ಹೇಳಿ, ಅವರ ಬಂಧನವಾಗಿ, ಕೊನೆಗೆ ಅದು ಬೇರೊಬ್ಬನದೆಂದು ತಿಳಿದುಬಂತು. ಇದಕ್ಕೆ ಎದುರಾದ ಉದಾಹರಣೆಯೂ ಇದೆ. 1980ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಪರಾಧ ಪ್ರಕರಣವೊಂದಕ್ಕೆ ಮೊದಲ ಬಾರಿ ಡಿಎನ್‌ಎ ಪರೀಕ್ಷೆ ಬಳಸಿದಾಗ ಅದು ಮೊದಲು ಮಾಡಿದ್ದು, ತಪ್ಪೊಪ್ಪಿಕೊಂಡಿದ್ದ ನಿರಪರಾಧಿ ತರುಣನನ್ನು ಬಿಡಿಸುವ ಕೆಲಸವನ್ನು. ನಿಜವಾದ ಅಪರಾಧಿ ಸಿಕ್ಕಿದ್ದು ಆಮೇಲೆ.

ಪರೀಕ್ಷೆಗೆ ಮುಂಚಿನ ಕೆಲಸಕ್ಕೂ ಇದೇ ಎಚ್ಚರ ಬೇಕು. ರಕ್ತ ಅಂಟಿದ ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಸೂಕ್ಷ್ಮಜೀವಿಗಳು ಬೆಳೆದು ಡಿಎನ್‌ಎ ಹಾಳಾಗುತ್ತದೆ; ನೆರಳಿನಲ್ಲಿ ಒಣಗಿಸಿ ಕಾಗದದ ಲಕೋಟೆಯಲ್ಲಿ ಇಡಬೇಕು. ಮಹಜರಿನಿಂದ ಪ್ರಯೋಗಾಲಯದವರೆಗೆ ಮುದ್ದೆಮಾಲು ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತೆಂಬ ದಾಖಲೆಯಲ್ಲಿ ಒಂದು ಕೊಂಡಿ ತಪ್ಪಿದರೂ, ಪಾಟೀಸವಾಲಿನಲ್ಲಿ ವಕೀಲರು ಹಿಡಿಯುವುದು ಅದನ್ನೇ. ಹಿಡಿಯುವುದು ಅವರ ಕರ್ತವ್ಯವೂ ಹೌದು.

ಅಂತಿಮ ವರ್ಷದ ರಜೆಯಲ್ಲಿ ನಿಮ್ಮ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಕುಳಿತು ನೋಡಿ. ಅತ್ಯಾಚಾರ, ಪೋಕ್ಸೊದಂಥ ಪ್ರಕರಣಗಳನ್ನು ಬಿಟ್ಟರೆ ವಿಚಾರಣೆ ಸಾಮಾನ್ಯವಾಗಿ ಸಾರ್ವಜನಿಕರಿಗೆ ತೆರೆದಿರುತ್ತದೆ. ತಜ್ಞರೊಬ್ಬರು ಸಾಕ್ಷಿಕಟ್ಟೆಯಲ್ಲಿ ನಿಂತು, ತಾವು ಬರೆದ ಒಂದೊಂದು ಪದಕ್ಕೂ ಉತ್ತರ ಕೊಡುವುದನ್ನು ಕೇಳಿದ ಮೇಲೆ ನಿಮ್ಮ ದಾಖಲೆ ಪುಸ್ತಕವನ್ನು ಮತ್ತೊಮ್ಮೆ ತೆರೆದು ಓದಿ.