ರಾತ್ರಿ 2ಕ್ಕೆ ಮಲಗಿ 10ಕ್ಕೆ ಏಳುವವನು ನಾನು. ಮುಂದಿನ ತಿಂಗಳಿಂದ 6ಕ್ಕೇ ಏಳಬೇಕು. ಹೇಗೆ?

ಇದು ಸೋಮಾರಿತನವಲ್ಲ, ಯಾರು ಏನೇ ಅನ್ನಲಿ. ಮೈಯೊಳಗಿನ ಗಡಿಯಾರ ಕೆಲವರಲ್ಲಿ ತಡವಾಗಿಯೇ ಓಡುತ್ತದೆ. ಅದರಲ್ಲಿ ವಂಶವಾಹಿಗಳ ಪಾಲೂ ಇದೆ. ‘ಬೇಗ ಮಲಗು’ ಎಂಬ ಸಲಹೆಯಿಂದ ಹಾಸಿಗೆಯಲ್ಲಿ ಹೊರಳಾಡುವುದಷ್ಟೇ ಬಂತು. ಬದಲಿಸಬೇಕಾದ್ದು ಏಳುವ ಹೊತ್ತನ್ನು.

ತಾನಾಗಿ 10ಕ್ಕೆ ಎಚ್ಚರವಾಗುವವರ ಮೈಬಿಸಿ ತೀರಾ ಇಳಿದಿರುವುದು ಸುಮಾರು 7-8 ಗಂಟೆಗೆ. ಅದಕ್ಕೆ ಮುಂಚೆ ಕಣ್ಣಿಗೆ ಬೀಳುವ ಬೆಳಕು ಗಡಿಯಾರವನ್ನು ಇನ್ನಷ್ಟು ತಡಮಾಡುತ್ತದೆ. ನಂತರದ ಬೆಳಕು ಬೇಗಮಾಡುತ್ತದೆ. ಹಟ ಹಿಡಿದು ಮೊದಲ ದಿನವೇ 6ಕ್ಕೆ ಎದ್ದು ವಾಕಿಂಗ್ ಹೋದರೆ ಕೆಲಸ ಕೆಡುವುದು ಇದಕ್ಕೇ.

ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ಹಿಂದಕ್ಕೆ ಸರಿಸಿ: 9:30, 9, 8:30... ಹದಿನಾರು ದಿನಕ್ಕೆ 6 ಮುಟ್ಟುತ್ತೀರಿ. ಎದ್ದ ತಕ್ಷಣ ಅರ್ಧ ಗಂಟೆ ತಾರಸಿಯಲ್ಲೋ ಬೀದಿಯಲ್ಲೋ ಇರಿ, ತಂಪು ಕನ್ನಡಕ ಬೇಡ. ಕೋಣೆಯ ಟ್ಯೂಬ್‌ಲೈಟ್ ಸಾಲದು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಅದರ ಹತ್ತಾರು ಪಟ್ಟು. ಮಲಗುವ ಎರಡು ಗಂಟೆ ಮುಂಚೆ ದೊಡ್ಡ ದೀಪಗಳನ್ನು ಆರಿಸಿಬಿಡಿ. ಮಧ್ಯಾಹ್ನ 2ರ ಮೇಲೆ ಕಾಫಿ ಬೇಡ, ಅದರ ಅರ್ಧ ಕೆಫೀನ್ ಐದಾರು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ.

ಭಾನುವಾರ ಮತ್ತೆ 10ರವರೆಗೆ ಮಲಗಿದರೆ ವಾರದ ಶ್ರಮವೆಲ್ಲ ನೀರುಪಾಲು. ನಿದ್ದೆ ಸಾಲದಿದ್ದರೆ ಮಧ್ಯಾಹ್ನ 20 ನಿಮಿಷ ಮಲಗಿ.